ಪೆಟ್ಟಿಗೆಯಲ್ಲಿ ಸಿಗುವುದು ಬಂದ ಕಾಗದ ಮಾತ್ರ

ಹಳೆಯ ಕೈಬರಹದ ಕಾಗದಗಳನ್ನು ಓದಿ, ಟೈಪ್ ಮಾಡಿ, ಯಾರು ಯಾರಿಗೆ ಯಾವಾಗ ಬರೆದರು ಅಂತ ಪಟ್ಟಿ ಮಾಡುವುದು ನನ್ನ ಕೆಲಸ. ಕಾಗದಗಳು ಅಮೆರಿಕದ ಗ್ರಂಥಾಲಯಗಳವು. ಅಲ್ಲಿ ಸ್ಕ್ಯಾನ್ ಆಗಿ ಬೆಂಗಳೂರಿನ ನಮ್ಮ ಕಚೇರಿಗೆ ಬರುತ್ತವೆ. ಮೊದಲ ಓದನ್ನು ಈಗ ಕಂಪ್ಯೂಟರೇ ಓದಿಬಿಡುತ್ತದೆ. ಅದು ಎಡವಿದ ಕಡೆ ತಿದ್ದುವುದು, ಹೆಸರು, ತಾರೀಖು, ಊರು ಗಟ್ಟಿ ಮಾಡುವುದು ನಮ್ಮ ಪಾಲು. ತಂಡಕ್ಕೆ ಹೊಸಬರು ಬಂದಾಗ ಅವರಿಗೆ ಕಲಿಸುವ ಜವಾಬ್ದಾರಿಯೂ ನನ್ನದೇ.

ಕಲಿಸಲು ನಾನು ಯಾವಾಗಲೂ ಒಬ್ಬರ ಕಾಗದಗಳನ್ನೇ ತೆಗೆದುಕೊಳ್ಳುತ್ತೇನೆ. ಅವರು ಎಡ್ವರ್ಡ್ ಹಿಚ್‌ಕಾಕ್. ಮ್ಯಾಸಚೂಸೆಟ್ಸ್ ರಾಜ್ಯದ ಆ್ಯಮ್ಹರ್ಸ್ಟ್ ಕಾಲೇಜಿಗೆ 1845ರಿಂದ 1854ರವರೆಗೆ ಅಧ್ಯಕ್ಷರಾಗಿದ್ದವರು. ಅವರ ಕಾಗದಪತ್ರಗಳು ಅದೇ ಕಾಲೇಜಿನ ಗ್ರಂಥಾಲಯದಲ್ಲಿವೆ. ಸ್ಕ್ಯಾನ್ ಮಾಡಿ ಎಲ್ಲರಿಗೂ ನೋಡಲು ಇಟ್ಟಿದ್ದಾರೆ. ಹಾಗಾಗಿ ಯಾವ ಗ್ರಾಹಕರ ಗುಟ್ಟೂ ಹೊರಗೆ ಹೋಗದ ಹಾಗೆ ಪಾಠ ಮಾಡಬಹುದು.

ಅವರನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಹಿಚ್‌ಕಾಕ್ ಒಬ್ಬರಲ್ಲಿ ಮೂರ್ನಾಲ್ಕು ಜನ ಇದ್ದರು. 1793ರಲ್ಲಿ ಡೀರ್‌ಫೀಲ್ಡ್ ಎಂಬ ಊರಿನಲ್ಲಿ ಹುಟ್ಟಿದರು. ಚರ್ಚಿನ ಪಾದ್ರಿಯಾಗಿದ್ದರು. 1825ರಲ್ಲಿ ಆ್ಯಮ್ಹರ್ಸ್ಟ್‌ಗೆ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. 1830ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ಇಡೀ ರಾಜ್ಯದ ಕಲ್ಲುಮಣ್ಣಿನ ಸರ್ವೆ ಮಾಡಲು ಅವರನ್ನು ನೇಮಿಸಿತು. ಆಮೇಲೆ ಕಾಲೇಜಿನ ಅಧ್ಯಕ್ಷಗಿರಿ. ಅವರು ಅಧಿಕಾರ ವಹಿಸಿಕೊಂಡಾಗ ಕಾಲೇಜು ಸಾಲದಲ್ಲಿತ್ತು, ವಿದ್ಯಾರ್ಥಿಗಳೂ ಕಡಿಮೆಯಾಗಿದ್ದರು. ಬಟ್ಟೆ ಹೊದಿಸಿದ ಗುಂಡಿಗಳನ್ನು ತಯಾರಿಸಿ ಶ್ರೀಮಂತರಾದ ಸ್ಯಾಮ್ಯುಯೆಲ್ ವಿಲ್ಲಿಸ್ಟನ್ ಎಂಬ ದಾನಿ ಕೈಹಿಡಿದರು. ಹೀಗೆ ದಾನಿಗಳು, ಪಾದ್ರಿಗಳು, ಭೂವಿಜ್ಞಾನಿಗಳು, ವಿದ್ಯಾರ್ಥಿಗಳ ಮನೆಯವರು, ಕಲ್ಲು ಮಾರುವವರು, ಎಲ್ಲರ ಪತ್ರವ್ಯವಹಾರಕ್ಕೂ ಅವರ ಜೀವನದಲ್ಲಿ ಜಾಗವಿತ್ತು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಮೊದಲ ವಾರದಲ್ಲೇ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳುತ್ತಾರೆ. "ಮೇಡಂ, ಇಷ್ಟೊಂದು ಜನ ಇವರಿಗೆ ಬರೆದಿದ್ದಾರೆ. ಇವರು ಬರೆದಿದ್ದು ಮಾತ್ರ ಇಷ್ಟು ಕಡಿಮೆ ಯಾಕೆ? ಇವರು ಉತ್ತರವನ್ನೇ ಕೊಡ್ತಿರಲಿಲ್ವಾ?"

ಈ ಪ್ರಶ್ನೆ ಬಂದ ದಿನ ನನಗೆ ಖುಷಿಯಾಗುತ್ತದೆ. ನನ್ನ ಕೆಲಸ ನನಗೆ ಕಲಿಸಿದ ಅತಿ ಮುಖ್ಯ ವಿಷಯ ಅದರಲ್ಲೇ ಇದೆ. ಬರೆದ ಕಾಗದ ಬರೆದವರ ಮನೆಯಲ್ಲಿ ಇರುವುದಿಲ್ಲ. ಅದು ಹೋಗಿ ಸೇರಿದವರ ಮನೆಯಲ್ಲಿ ಇರುತ್ತದೆ. ಒಬ್ಬರ ಹೆಸರಿನ ಪೆಟ್ಟಿಗೆ ತೆರೆದರೆ ಅಲ್ಲಿ ಹೆಚ್ಚಾಗಿ ಕೇಳಿಸುವುದು ಬೇರೆಯವರ ಮಾತು. ನಮ್ಮ ಕಚೇರಿಗಳಲ್ಲಿ ಬಂದ ಟಪಾಲಿಗೆ ಒಂದು, ಹೋದ ಟಪಾಲಿಗೆ ಒಂದು ರಿಜಿಸ್ಟರ್ ಇಡುತ್ತಾರಲ್ಲ, ಅದರಲ್ಲಿ ಮೊದಲನೆಯದು ಮಾತ್ರ ಕೈಗೆ ಸಿಕ್ಕ ಹಾಗೆ.

ಕಳಿಸುವ ಮುಂಚೆ ನಕಲು ಇಟ್ಟುಕೊಳ್ಳುವ ದಾರಿ ಆಗಲೂ ಇತ್ತು. ಜೇಮ್ಸ್ ವ್ಯಾಟ್ 1780ರಲ್ಲೇ ಕಾಗದದ ನಕಲು ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಶಾಯಿ ಪೂರ್ತಿ ಒಣಗುವ ಮುಂಚೆ ಒದ್ದೆ ಮಾಡಿದ ತೆಳು ಹಾಳೆಯನ್ನು ಅದರ ಮೇಲಿಟ್ಟು ಒತ್ತಬೇಕು. ಅಕ್ಷರ ತಿರುವುಮುರುವಾಗಿ ಮೂಡುತ್ತದೆ. ಹಾಳೆ ತೆಳ್ಳಗಿರುವುದರಿಂದ ಹಿಂಬದಿಯಿಂದ ನೋಡಿದರೆ ಸರಿಯಾಗಿ ಓದಬಹುದು. ವ್ಯಾಪಾರಿಗಳ ಕಚೇರಿಯಲ್ಲಿ ಇದು ಬಳಕೆಗೆ ಬಂತು. ಆದರೆ ತನ್ನ ಕೈಯಿಂದಲೇ ಕಾಗದ ಬರೆಯುತ್ತಿದ್ದ ಪ್ರೊಫೆಸರ್ ಪ್ರತಿಯೊಂದಕ್ಕೂ ಇಷ್ಟೆಲ್ಲ ಮಾಡುತ್ತಾ ಕೂರುವುದು ಎಲ್ಲಿ ಸಾಧ್ಯ? ಮುಖ್ಯವಾದದ್ದಕ್ಕೆ ಒಂದು ಕರಡು ಉಳಿಯುತ್ತಿತ್ತು. ಉಳಿದದ್ದು ಅಂಚೆಯಲ್ಲಿ ಹೋಗುತ್ತಿತ್ತು.

ಅಂಚೆಯ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದಿದ್ದರೆ ಆ ಕಾಲದ ಕಾಗದ ಯಾಕೆ ಹಾಗಿದೆ ಅಂತ ಅರ್ಥವಾಗುವುದಿಲ್ಲ. 1845ರ ಜೂನ್‌ವರೆಗೆ ಅಮೆರಿಕದಲ್ಲಿ ಅಂಚೆ ವೆಚ್ಚವನ್ನು ಹಾಳೆಯ ಲೆಕ್ಕ ಮತ್ತು ದೂರದ ಲೆಕ್ಕದಲ್ಲಿ ಹಾಕುತ್ತಿದ್ದರು. ಒಂದು ಹಾಳೆ, 30 ಮೈಲಿಯ ಒಳಗೆ, 6 ಸೆಂಟ್. 400 ಮೈಲಿ ದಾಟಿದರೆ 25 ಸೆಂಟ್. ಎರಡು ಹಾಳೆಯಾದರೆ ಎರಡರಷ್ಟು. ಲಕೋಟೆಯೂ ಒಂದು ಹಾಳೆಯೇ. ಹಾಗಾಗಿ ಲಕೋಟೆ ಬಳಸುತ್ತಿದ್ದವರು ಕಡಿಮೆ. ದೊಡ್ಡ ಹಾಳೆಯೊಂದನ್ನು ಮಡಚಿ, ಅದರ ಬೆನ್ನಿಗೇ ವಿಳಾಸ ಬರೆದು, ಅರಗು ಹಾಕಿ ಮೊಹರು ಮಾಡುತ್ತಿದ್ದರು. ಹೆಚ್ಚಿನ ಸಲ ಹಣ ಕೊಡಬೇಕಾದವರು ಕಾಗದ ಪಡೆದವರು. ಅದಕ್ಕೇ ಹಾಳೆಯ ಒಂದಿಂಚೂ ಬಿಡದೆ ತುಂಬಿಸುತ್ತಿದ್ದರು. ಅಂಚಿನಲ್ಲಿ ಬರೆಯುತ್ತಿದ್ದರು. ಕೆಲವರು ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಅಂಥ ಪುಟ ಬಂದರೆ ಕಂಪ್ಯೂಟರ್ ಕೈಚೆಲ್ಲುತ್ತದೆ. ಮನುಷ್ಯರ ಕಣ್ಣೇ ಬೇಕು.

ಇನ್ನು ಮೊಹರು ಇದ್ದ ಜಾಗ. ಕಾಗದ ಬಿಚ್ಚುವಾಗ ಅಲ್ಲಿ ಹರಿದು ತೂತಾಗುತ್ತದೆ, ಕೆಲವು ಪದ ಹೋಗುತ್ತವೆ. ಊಹಿಸಿ ತುಂಬಬೇಡಿ, ತೂತಿದೆ ಅಂತಲೇ ಗುರುತು ಹಾಕಿ ಅಂತ ಹೊಸಬರಿಗೆ ಹೇಳುತ್ತೇನೆ. ಎರಡು ಎಸ್ ಅಕ್ಷರ ಜೊತೆಗೆ ಬಂದಾಗ ಮೊದಲನೆಯದನ್ನು ಉದ್ದವಾಗಿ ಎಳೆಯುವ ಪದ್ಧತಿಯೂ ಆ ಕಾಲದ ಕೈಬರಹದಲ್ಲಿ ಉಳಿದಿತ್ತು. ಮ್ಯಾಸಚೂಸೆಟ್ಸ್ ಹೆಸರಲ್ಲೇ ಅದು ಬರುತ್ತದೆ. ಯಂತ್ರ ಅದನ್ನು ಪಿ ಅಂತಲೋ ಎಫ್ ಅಂತಲೋ ಓದುತ್ತದೆ.

ಹಿಚ್‌ಕಾಕ್ ಅಧ್ಯಕ್ಷರಾದ ವರ್ಷವೇ ಅಂಚೆ ಕಾಯ್ದೆ ಬದಲಾಯಿತು. 1845ರ ಜುಲೈ 1ರಿಂದ ಹಾಳೆ ಎಣಿಸುವುದು ನಿಂತು ತೂಕದ ಲೆಕ್ಕ ಬಂತು. ಅರ್ಧ ಔನ್ಸ್‌ಗೆ 300 ಮೈಲಿಯ ಒಳಗೆ 5 ಸೆಂಟ್, ಅದರಾಚೆ 10 ಸೆಂಟ್. 1847ರಲ್ಲಿ ಅಂಚೆಚೀಟಿ ಬಂತು. 1855ರಲ್ಲಿ ಮೊದಲೇ ಹಣ ಕಟ್ಟುವುದು ಕಡ್ಡಾಯವಾಯಿತು. ಲಕೋಟೆಗಳು ಹೆಚ್ಚಾದವು. ನಮಗೆ ಇದರಿಂದ ಒಂದು ನಷ್ಟ. ಮಡಚಿದ ಹಾಳೆಯಲ್ಲಿ ವಿಳಾಸ, ಅಂಚೆಯ ಠಸ್ಸೆ, ಒಕ್ಕಣೆ ಎಲ್ಲವೂ ಒಂದೇ ಕಡೆ ಇದ್ದವು. ಲಕೋಟೆ ಬಂದ ಮೇಲೆ ಕಾಗದ ಒಂದು ಕಡೆ, ಲಕೋಟೆ ಇನ್ನೊಂದು ಕಡೆ. ಎಷ್ಟೋ ಸಲ ಲಕೋಟೆ ಉಳಿದೇ ಇರುವುದಿಲ್ಲ. "ಪ್ರಿಯ ಮಹನೀಯರೇ" ಅಂತ ಶುರುವಾದ ಕಾಗದ ಯಾರಿಗೆ ಬಂದದ್ದು ಅಂತ ಹುಡುಕಬೇಕು.

ಇದು ಸಣ್ಣ ತೊಂದರೆ ಅನ್ನಿಸಬಹುದು. ಆದರೆ ಆ್ಯಮ್ಹರ್ಸ್ಟ್‌ನಲ್ಲಿ ಎಡ್ವರ್ಡ್ ಹಿಚ್‌ಕಾಕ್ ಹೆಸರಿನವರು ಇಬ್ಬರಿದ್ದರು. ತಂದೆ ಅಧ್ಯಕ್ಷಗಿರಿ ಬಿಟ್ಟ ಮೇಲೂ ಅಲ್ಲೇ ಇದ್ದರು, 1864ರಲ್ಲಿ ತೀರಿಕೊಂಡರು. ಅದೇ ಹೆಸರಿನ ಮಗ ವೈದ್ಯ, 1861ರಲ್ಲಿ ಅದೇ ಕಾಲೇಜಿಗೆ ಆರೋಗ್ಯ ಮತ್ತು ವ್ಯಾಯಾಮ ಶಿಕ್ಷಣದ ಪ್ರಾಧ್ಯಾಪಕರಾಗಿ ಸೇರಿದರು. ತಂದೆಗೂ ಡಾಕ್ಟರ್, ಮಗನಿಗೂ ಡಾಕ್ಟರ್. 1862ರ ಒಂದು ಕಾಗದ "ಡಾ. ಹಿಚ್‌ಕಾಕ್, ಆ್ಯಮ್ಹರ್ಸ್ಟ್" ಅಂತ ಇದ್ದರೆ ಯಾರಿಗೆ? ಒಳಗೆ ಕಲ್ಲಿನ ವಿಷಯ ಇದ್ದರೆ ತಂದೆ, ವ್ಯಾಯಾಮಶಾಲೆಯ ವಿಷಯ ಇದ್ದರೆ ಮಗ. ಬರೀ ಉಭಯಕುಶಲೋಪರಿ ಇದ್ದರೆ ಖಾತ್ರಿಯಿಲ್ಲ ಅಂತಲೇ ಬರೆಯಬೇಕು. ಇನ್ನೊಬ್ಬ ಮಗ ಚಾರ್ಲ್ಸ್ ಕೂಡ ಭೂವಿಜ್ಞಾನಿಯಾದರು. ಅಂದರೆ ಕಲ್ಲಿನ ವಿಷಯ ಬಂತೆಂದು ಕಣ್ಣುಮುಚ್ಚಿ ತಂದೆಯ ಹೆಸರಿಗೆ ಹಾಕುವಂತೆಯೂ ಇಲ್ಲ.

ಕಳೆದುಹೋದ ಉತ್ತರ ಒಂದು ಕಾಲದಲ್ಲಿ ಇತ್ತು ಅಂತ ಗೊತ್ತಾಗುವುದು ಕಾಗದದ ಬೆನ್ನಿನಿಂದ. ಆಗಿನವರು ಓದಿದ ಕಾಗದವನ್ನು ಉದ್ದಕ್ಕೆ ಮಡಚಿ, ಹೊರಗಡೆ ಒಂದು ಷರಾ ಬರೆದು ಕಟ್ಟಿ ಇಡುತ್ತಿದ್ದರು. ಯಾರಿಂದ ಬಂತು, ಯಾವ ತಾರೀಖು, ಉತ್ತರ ಕೊಟ್ಟಾಯಿತೇ. ಆ ಒಂದು ಷರಾ ನಮಗೆ ಬಂಗಾರ. ಉತ್ತರ ಹೋಗಿದೆ, ಇಂಥವರಿಗೆ ಹೋಗಿದೆ ಅಂತ ಸಾಕ್ಷಿ ಸಿಕ್ಕಿತು. ಇನ್ನು ಆ ಇಂಥವರ ಕಾಗದಗಳು ಎಲ್ಲಿವೆ ಅಂತ ಹುಡುಕಬೇಕು. ಒಕ್ಕಣೆಯ ಮೊದಲ ಸಾಲೂ ಸಹಾಯ ಮಾಡುತ್ತದೆ. "ನಿಮ್ಮ 15ನೇ ಅಲ್ಟ್. ಕಾಗದ ತಲುಪಿತು" ಅಂತ ಇದ್ದರೆ ಹೋದ ತಿಂಗಳ 15ರಂದು ಬರೆದದ್ದು ಅಂತ. "ಇನ್‌ಸ್ಟ್." ಅಂದರೆ ಈ ತಿಂಗಳದ್ದು. ನಮ್ಮ ಕೈಯಲ್ಲಿಲ್ಲದ ಕಾಗದದ ತಾರೀಖನ್ನು ಕೈಯಲ್ಲಿರುವ ಕಾಗದ ಹೇಳುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

ಎರಡೂ ಕಡೆಯ ಕಾಗದ ಸಿಕ್ಕಾಗ ಏನಾಗುತ್ತದೆ ಅನ್ನುವುದಕ್ಕೆ ಹಿಚ್‌ಕಾಕ್ ಮತ್ತು ಬೆಂಜಮಿನ್ ಸಿಲ್ಲಿಮನ್ ಅವರ ಸ್ನೇಹ ನೋಡಬೇಕು. ಸಿಲ್ಲಿಮನ್ ನ್ಯೂ ಹೇವನ್ ಊರಿನ ಯೇಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. 1818ರಲ್ಲಿ ಅಮೆರಿಕದ ಮುಖ್ಯ ವಿಜ್ಞಾನ ಪತ್ರಿಕೆಯನ್ನು ಶುರು ಮಾಡಿದವರು. 1817ರಲ್ಲಿ ಹಿಚ್‌ಕಾಕ್ ಡೀರ್‌ಫೀಲ್ಡ್‌ನ ಶಾಲೆಯೊಂದರ ಮುಖ್ಯಸ್ಥ, ಇನ್ನೂ 24ರ ವಯಸ್ಸು. ಆಗ ಶುರುವಾದ ಪತ್ರವ್ಯವಹಾರ 1863ರವರೆಗೆ ನಡೆಯಿತು. ಇಬ್ಬರೂ 1864ರಲ್ಲೇ ತೀರಿಕೊಂಡರು. ಒಂದಿಡೀ ಜೀವನದ ಮಾತುಕತೆ ಅದು. ಬೇರೆ ಬೇರೆ ಗ್ರಂಥಾಲಯಗಳಲ್ಲಿ ಹಂಚಿಹೋಗಿದ್ದ ಈ ಕಾಗದಗಳನ್ನು ವಿದ್ವಾಂಸರೊಬ್ಬರು ಒಟ್ಟು ಸೇರಿಸಿದ್ದಾರೆ. ಕಲ್ಲು, ಖನಿಜ, ಬೈಬಲಿನ ಸೃಷ್ಟಿಕಥೆಗೂ ಭೂವಿಜ್ಞಾನಕ್ಕೂ ಹೇಗೆ ಹೊಂದಿಸುವುದು ಅನ್ನುವ ಚಿಂತೆ, ಜೊತೆಗೆ ಆರೋಗ್ಯದ ಗೋಳು. ಹಿಚ್‌ಕಾಕ್‌ಗೆ ಅಜೀರ್ಣದ ತೊಂದರೆ ಜೀವನಪೂರ್ತಿ ಕಾಡಿತು. ಒಬ್ಬರದನ್ನೇ ಓದಿದರೆ ಸದಾ ಸಾವಿನ ಭಯದಲ್ಲಿದ್ದ ರೋಗಿಷ್ಟ ಅನ್ನಿಸುತ್ತದೆ. ಸ್ನೇಹಿತನ ಧೈರ್ಯದ ಮಾತನ್ನೂ ಪಕ್ಕದಲ್ಲಿಟ್ಟು ಓದಿದರೆ ಮನುಷ್ಯ ಬೇರೆಯೇ ಕಾಣುತ್ತಾರೆ.

ಎರಡೂ ಕಡೆಯ ಕಾಗದ ನಿಜಕ್ಕೂ ಬೇಕಾಗಿದ್ದು ಹೆಜ್ಜೆ ಗುರುತುಗಳ ಜಗಳದಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1835ರಲ್ಲಿ ಕನೆಕ್ಟಿಕಟ್ ನದಿಯ ಕಣಿವೆಯಲ್ಲಿರುವ ಗ್ರೀನ್‌ಫೀಲ್ಡ್ ಊರಿನಲ್ಲಿ ಬೀದಿ ಬದಿಗೆ ಹಾಸಲು ತಂದ ಚಪ್ಪಡಿ ಕಲ್ಲುಗಳ ಮೇಲೆ ಮೂರು ಬೆರಳಿನ ಹೆಜ್ಜೆಗಳು ಕಂಡವು. ದೊಡ್ಡ ಕೋಳಿ ನಡೆದುಹೋದ ಹಾಗೆ. ಊರಿನ ವೈದ್ಯ ಜೇಮ್ಸ್ ಡೀನ್ ಆ ಮಾರ್ಚ್‌ನಲ್ಲಿ ಹಿಚ್‌ಕಾಕ್‌ಗೆ ಕಾಗದ ಬರೆದರು. ಹಿಚ್‌ಕಾಕ್ ಮೊದಲು ನಂಬಲಿಲ್ಲ. ಕಲ್ಲಿನಲ್ಲಿ ಇಂಥ ಆಕಾರ ಬೇರೆ ಕಾರಣಕ್ಕೂ ಬರಬಹುದು ಅಂತ ಹುಷಾರಾಗಿ ಉತ್ತರಿಸಿದರು. ಡೀನ್ ಬಿಡಲಿಲ್ಲ, ಮತ್ತೆ ಬರೆದರು, ಅಚ್ಚು ತೆಗೆದು ಕಳಿಸಿದರು. ಹಿಚ್‌ಕಾಕ್ ಬಂದು ನೋಡಿದರು. ಆಮೇಲೆ ಅವರು ಆ ಹೆಜ್ಜೆಗಳನ್ನು ಬಿಡಲೇ ಇಲ್ಲ. ಕಣಿವೆಯ ಕಲ್ಲುಗಣಿಗಳನ್ನೆಲ್ಲ ಸುತ್ತಿ, 1836ರಲ್ಲಿ ಸಿಲ್ಲಿಮನ್ ಅವರ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಇವು ಹಳೆಯ ಕಾಲದ ಭಾರೀ ಹಕ್ಕಿಗಳ ಹೆಜ್ಜೆಗಳು ಅನ್ನುವುದು ಅವರ ವಾದ. ಲಂಡನ್ನಿನಿಂದ ಭೂವಿಜ್ಞಾನಿ ಚಾರ್ಲ್ಸ್ ಲಯಲ್ ಅಮೆರಿಕಕ್ಕೆ ಬಂದಾಗ ಈ ಕಣಿವೆಯನ್ನು ನೋಡಿದರು. 1845ರಲ್ಲಿ ಚಾರ್ಲ್ಸ್ ಡಾರ್ವಿನ್ ಈ ಹೆಜ್ಜೆಗಳ ಶೋಧವನ್ನು ಮೆಚ್ಚಿ ಹಿಚ್‌ಕಾಕ್‌ಗೆ ಕಾಗದ ಬರೆದರು. ಅವು ಡೈನೋಸಾರ್‌ಗಳ ಹೆಜ್ಜೆಗಳು ಅಂತ ಆಮೇಲೆ ತಿಳಿಯಿತು. ಹಕ್ಕಿಗಳೇ ಡೈನೋಸಾರ್ ವಂಶದವು ಅಂತ ಇವತ್ತು ಗೊತ್ತಿರುವಾಗ, ಹಿಚ್‌ಕಾಕ್ ಕಣ್ಣು ಅಷ್ಟೇನೂ ದಾರಿ ತಪ್ಪಿರಲಿಲ್ಲ ಅಂತ ನನಗನ್ನಿಸುತ್ತದೆ.

ಶೋಧಕ್ಕೆ ಹೆಸರು ಬಂದ ಮೇಲೆ ಪ್ರಶ್ನೆ ಎದ್ದಿತು. ಕಂಡುಹಿಡಿದವರು ಯಾರು? ಮೊದಲು ಇದು ಹೆಜ್ಜೆ ಅಂತ ಹೇಳಿದ್ದು ನಾನು ಅಂದರು ಡೀನ್. ಅಭ್ಯಾಸ ಮಾಡಿ ಅದನ್ನೊಂದು ವಿಜ್ಞಾನವಾಗಿ ಕಟ್ಟಿದ್ದು ನಾನು ಅಂದರು ಹಿಚ್‌ಕಾಕ್. 1844ರಲ್ಲಿ ಸಿಲ್ಲಿಮನ್ ಅವರ ಪತ್ರಿಕೆಯಲ್ಲೇ ಇಬ್ಬರ ವಾದವೂ ಅಚ್ಚಾಯಿತು. ಆಗ ಆಧಾರ ಏನು? 1835ರ ಆ ಕಾಗದಗಳೇ. ಡೀನ್ ಬರೆದದ್ದು ಹಿಚ್‌ಕಾಕ್ ಹತ್ತಿರ, ಹಿಚ್‌ಕಾಕ್ ಬರೆದದ್ದು ಡೀನ್ ಹತ್ತಿರ. ಒಬ್ಬರು ಎಸೆದಿದ್ದರೂ ಇನ್ನೊಬ್ಬರ ಮಾತಿಗೆ ಬಲ ಇರುತ್ತಿರಲಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದ ಮೇಲೆ ನನಗನ್ನಿಸುವುದು, ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ಅನುಮಾನದ ಎದುರು ಪಟ್ಟು ಹಿಡಿದದ್ದು ಡೀನ್ ಅವರ ದೊಡ್ಡತನ. ಅನುಮಾನ ಬಿಟ್ಟು ಉಳಿದ ಜೀವನವನ್ನೇ ಅದಕ್ಕೆ ಕೊಟ್ಟದ್ದು ಹಿಚ್‌ಕಾಕ್ ಅವರ ದೊಡ್ಡತನ.

ಆದರೆ ಇಲ್ಲಿಗೇ ನಿಂತರೆ ಪಾಠ ಅರ್ಧಕ್ಕೇ ನಿಂತ ಹಾಗೆ. ಕಲ್ಲು ಹಾಸುತ್ತಿದ್ದ ಡೆಕ್ಸ್‌ಟರ್ ಮಾರ್ಷ್ ಎಂಬ ಕೆಲಸಗಾರ ಇದ್ದರು. ಚಪ್ಪಡಿಯ ಮೇಲಿನ ಗುರುತನ್ನು ಮೊದಲು ಗಮನಿಸಿದವರಲ್ಲಿ ಅವರೂ ಒಬ್ಬರು. ಆಮೇಲೆ ತಾವೇ ಹೆಜ್ಜೆ ಕಲ್ಲುಗಳನ್ನು ಹುಡುಕಿ ದೊಡ್ಡ ಸಂಗ್ರಹ ಮಾಡಿದರು. ಅವರು ತೀರಿಕೊಂಡ ಮೇಲೆ 1853ರಲ್ಲಿ ಅದು ಹರಾಜಾಯಿತು. ಹಿಚ್‌ಕಾಕ್ ಅದರಿಂದ ಕಾಲೇಜಿಗಾಗಿ ಕಲ್ಲುಗಳನ್ನು ಕೊಂಡರು. ಇನ್ನೂ ಹಿಂದೆ, 1802ರ ಹೊತ್ತಿಗೇ, ಸೌತ್ ಹ್ಯಾಡ್ಲಿಯಲ್ಲಿ ಪ್ಲೈನಿ ಮೂಡಿ ಎಂಬ ರೈತರ ಹುಡುಗ ಹೊಲ ಉಳುವಾಗ ಇಂಥದ್ದೇ ಕಲ್ಲನ್ನು ಕಂಡಿದ್ದ. ಊರಿನವರು ಅದನ್ನು ಬೈಬಲಿನ ಪ್ರಳಯದ ಕಥೆಯಲ್ಲಿ ಬರುವ ನೋಹನ ಕಾಗೆಯ ಹೆಜ್ಜೆ ಅಂತ ಕರೆದರು. ಮೂಡಿ ಯಾವ ಪ್ರೊಫೆಸರಿಗೂ ಕಾಗದ ಬರೆಯಲಿಲ್ಲ. ಅದಕ್ಕೇ 1844ರ ಜಗಳದಲ್ಲಿ ಅವನ ಪಾಲು ಇಲ್ಲ. ಬರೆದವರ ನಡುವೆ ಮಾತ್ರ ನ್ಯಾಯ ತೀರ್ಮಾನ ಮಾಡಲು ಕಾಗದಗಳಿಗೆ ಸಾಧ್ಯ. ಹಾಗಾಗಿ ಪಟ್ಟಿ ಮಾಡುವಾಗ ಕಾಗದ ಬರೆದವರು, ಪಡೆದವರು ಅಷ್ಟೇ ಅಲ್ಲ, ಒಳಗೆ ಹೆಸರು ಬಂದ ಪ್ರತಿಯೊಬ್ಬರನ್ನೂ ನಮೂದಿಸಿ ಅಂತ ನಾನು ಹಟ ಹಿಡಿಯುತ್ತೇನೆ. ಕಲ್ಲು ಸಾಗಿಸಿದ ಗಾಡಿಯವರ ಹೆಸರಿದ್ದರೂ ಸರಿ. ಸಮಯ ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಅವರು ಎಲ್ಲಾದರೂ ಸಿಗುವುದಿದ್ದರೆ ಅದೊಂದೇ ಕಡೆ.

ಪತ್ರವ್ಯವಹಾರದಲ್ಲಿ ಕಾಣದ ಇನ್ನೊಬ್ಬರು ಹಿಚ್‌ಕಾಕ್ ಅವರಿಗೆ ಎಲ್ಲರಿಗಿಂತ ಹತ್ತಿರ ಇದ್ದವರು. ಅವರ ಹೆಂಡತಿ ಓರಾ ವೈಟ್. 1821ರಲ್ಲಿ ಮದುವೆಯಾಯಿತು. ಗಂಡನ ವರದಿಗಳಿಗೆ ಬೆಟ್ಟ, ಕಣಿವೆ, ಪಳೆಯುಳಿಕೆಗಳ ಚಿತ್ರ ಬರೆದವರು ಅವರೇ. ತರಗತಿಯಲ್ಲಿ ತೂಗುಹಾಕಲು ಬಟ್ಟೆಯ ಮೇಲೆ ದೊಡ್ಡ ದೊಡ್ಡ ಚಿತ್ರಗಳನ್ನೂ ಬರೆದರು. ಆದರೆ ಒಂದೇ ಮನೆಯಲ್ಲಿ ಇರುವವರು ಒಬ್ಬರಿಗೊಬ್ಬರು ಕಾಗದ ಬರೆಯುವುದಿಲ್ಲ, ಅಲ್ವಾ? ಊಟದ ಮೇಜಿನಲ್ಲಿ ಆದ ಮಾತು ಯಾವ ಪೆಟ್ಟಿಗೆಗೂ ಸೇರುವುದಿಲ್ಲ. ಬರೀ ಪತ್ರಗಳ ಪಟ್ಟಿ ನೋಡಿದವರಿಗೆ ನ್ಯೂ ಹೇವನ್‌ನಲ್ಲಿದ್ದ ಸಿಲ್ಲಿಮನ್ ಅವರೇ ಹಿಚ್‌ಕಾಕ್ ಕೆಲಸದಲ್ಲಿ ದೊಡ್ಡ ಪಾಲುದಾರ ಅನ್ನಿಸಬಹುದು. ಓರಾ ಅವರ ಪ್ರವಾಸದ ದಿನಚರಿಗಳು ಉಳಿದಿವೆ, ಚಿತ್ರಗಳು ಉಳಿದಿವೆ. ಅವುಗಳನ್ನು ಕಾಗದಗಳ ಪಕ್ಕದಲ್ಲೇ ಇಡಬೇಕು. ಕಾಗದಗಳ ಸಂಖ್ಯೆ ಎಷ್ಟು ಅನ್ನುವುದರಿಂದ ಸಂಬಂಧ ಎಷ್ಟು ಗಟ್ಟಿ ಅಂತ ಅಳೆಯಬೇಡಿ ಅಂತ ನಾನು ಹೇಳುವುದು ಓರಾ ಅವರನ್ನು ನೆನೆದೇ.

ಹಿಚ್‌ಕಾಕ್ ಪೆಟ್ಟಿಗೆಗೆ ಪೂರ್ತಿ ಉಲ್ಟಾ ಇರುವ ಸಂಗ್ರಹ ಕೂಡ ಅದೇ ಊರಿನದು. ಹಿಚ್‌ಕಾಕ್ ಅಧ್ಯಕ್ಷರಾಗಿದ್ದಾಗ ಕಾಲೇಜಿನ ಖಜಾಂಚಿ ಎಡ್ವರ್ಡ್ ಡಿಕಿನ್ಸನ್. ಅವರ ಮಗಳು ಕವಿ ಎಮಿಲಿ ಡಿಕಿನ್ಸನ್. ಎಮಿಲಿ 1886ರಲ್ಲಿ ತೀರಿಕೊಂಡ ಮೇಲೆ, ಆಕೆಗೆ ಬಂದಿದ್ದ ಕಾಗದಗಳನ್ನು ತಂಗಿ ಲವಿನಿಯಾ ಸುಟ್ಟುಹಾಕಿದರು. ಹಾಗೆ ಮಾಡುವುದು ಆಗ ರೂಢಿಯೂ ಆಗಿತ್ತು. ಉಳಿದದ್ದು ಎಮಿಲಿ ಬೇರೆಯವರಿಗೆ ಬರೆದದ್ದು, ಅವರವರ ಮನೆಯಲ್ಲಿ. ಸಾವಿರಕ್ಕೂ ಹೆಚ್ಚು ಕಾಗದಗಳು ಹಾಗೆ ಸಿಕ್ಕಿವೆ. ಕಾಲೇಜಿನ ಅಧ್ಯಕ್ಷರ ಪೆಟ್ಟಿಗೆಯಲ್ಲಿ ಬಂದ ಕಾಗದಗಳೇ ಹೆಚ್ಚು, ಖಜಾಂಚಿಯ ಮಗಳ ವಿಷಯದಲ್ಲಿ ಬರೆದದ್ದೇ ಎಲ್ಲ. ಈ ಎರಡನ್ನು ಜೊತೆಗೆ ತೋರಿಸಿದ ಮೇಲೆ ಹೊಸಬರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇದು ನಮ್ಮ ನಾಡಿಗೂ ತಾಗುವ ವಿಷಯ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಮಂಗಳೂರು, ಧಾರವಾಡದ ಸುದ್ದಿಯನ್ನೆಲ್ಲ ಅವರು ಬರೆದು ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ. ಆ ಕಾಗದಗಳು ಇರುವುದೂ ಅಲ್ಲೇ. 19ನೇ ಶತಮಾನದ ಕರಾವಳಿಯ ಬಗ್ಗೆ ತಿಳಿಯಬೇಕಾದವರು ರೈನ್ ನದಿಯ ದಡಕ್ಕೆ ಹೋಗಬೇಕಾಗುತ್ತದೆ. ಯಾರೋ ಹೊತ್ತುಕೊಂಡು ಹೋದದ್ದಲ್ಲ. ಅಂಚೆ ಕೆಲಸ ಮಾಡುವುದೇ ಹೀಗೆ.

ಈಗ ನಮ್ಮ ತಂಡದ ಪಟ್ಟಿಯಲ್ಲಿ ಬರೆದವರು, ಪಡೆದವರು, ತಾರೀಖು, ಊರು ಇವುಗಳ ಪಕ್ಕದಲ್ಲಿ ಎರಡು ಕಾಲಂ ಹೆಚ್ಚು ಇವೆ. ಇದು ಯಾವ ಕಾಗದಕ್ಕೆ ಉತ್ತರ, ಇದಕ್ಕೆ ಉತ್ತರ ಹೋಗಿದೆಯೇ. ಬೆನ್ನಿನ ಷರಾ ಮತ್ತು ಮೊದಲ ಸಾಲು ಓದಿ ತುಂಬುತ್ತೇವೆ. ಖಾಲಿ ಉಳಿದರೂ ಪರವಾಗಿಲ್ಲ. ಸಂಶೋಧಕರು ಇನ್ನೊಂದು ಗ್ರಂಥಾಲಯಕ್ಕೆ ಬರೆದು ಕೇಳುವಾಗ ಸುಮ್ನೆ "ಹಿಚ್‌ಕಾಕ್ ಕಾಗದ ಇದೆಯಾ" ಅನ್ನುವ ಬದಲು ಇಂಥ ತಿಂಗಳಿನ ಕಾಗದ ಅಂತ ಕೇಳಬಹುದು.

ನಿಮ್ಮ ಮನೆಯಲ್ಲೂ ಅಜ್ಜನದೋ ಮುತ್ತಜ್ಜಿಯದೋ ಕಾಗದದ ಕಟ್ಟು ಇರಬಹುದು. ಗ್ರಂಥಾಲಯಕ್ಕೆ ಕೊಡುವ ಯೋಚನೆ ಇದ್ದರೆ, ಕೊಡುವ ಮುಂಚೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದು ಪಟ್ಟಿ ಮಾಡಿ. ಅಜ್ಜ ಯಾರು ಯಾರಿಗೆ ಬರೆಯುತ್ತಿದ್ದರು, ಅವರು ಯಾವ ಊರಿನವರು, ಸುಮಾರು ಯಾವ ವರ್ಷ. ಅಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಟ್ಟಿನ ಮೇಲಿಟ್ಟು ಕೊಡಿ. ಅಜ್ಜ ಬರೆದದ್ದನ್ನು ಎಲ್ಲಿ ಹುಡುಕಬೇಕು ಅಂತ ನಮ್ಮಂಥವರಿಗೆ ಅದರಿಂದ ತಿಳಿಯುತ್ತದೆ.